ಅರ್ಧ ದುಡ್ಡಿನ ಕರೆಂಟು

ಚಳ್ಳಕೆರೆಯ ಶೇಂಗಾ ಮಂಡಿಗಳಲ್ಲಿ 'ತೂಕದ ಪಾತಣ್ಣ' ಎಂದರೆ ಸಾಕಾಗಿತ್ತು, ಮನೆತನ ಹೇಳಬೇಕಾಗಿರಲಿಲ್ಲ. ಕೂಲಿ ಕೊಡುವವರು ಮಂಡಿಯ ಸಾಹುಕಾರರೇ ಆದರೂ ಅವನ ತಕ್ಕಡಿ ಸಾಹುಕಾರರ ಕಡೆಗೆ ವಾಲಿದ್ದನ್ನು ಯಾರೂ ಕಂಡವರಿಲ್ಲ. ಹಳ್ಳಿಯಿಂದ ಮಾಲು ತಂದ ರೈತರು, "ಪಾತಣ್ಣ ಬರ್ಲಿ, ಆಮ್ಯಾಲೆ ಚೀಲ ಬಿಚ್ತೀವಿ" ಎಂದು ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದರು. ಮಾಲು ಅವನಿದ್ದ ಕಡೆಗೇ ಬರುವುದರಿಂದ ಸಾಹುಕಾರರಿಗೂ ಅವನು ಬೇಕಾಗಿದ್ದ. ನಿಜ ಹೇಳುವವನಿಗೆ ಗಂಜಿಯೂ ಗಟ್ಟಿಯಿಲ್ಲ ಎನ್ನುವ ಲೋಕದಲ್ಲಿ ಪಾತಣ್ಣ ನಿಜ ಹೇಳಿಯೇ ಹೊಟ್ಟೆ ಹೊರೆದ. ಹೊಟ್ಟೆ ತುಂಬಿದ ಮೇಲೆ ಒಂದಿಷ್ಟು ಗರ್ವವೂ ಮಿಗುತ್ತಿತ್ತು. ಓಣಿಯಲ್ಲಿ ನಡೆಯುವಾಗ ಎದೆ ಸ್ವಲ್ಪ ಮುಂದಕ್ಕೇ ಇರುತ್ತಿತ್ತು. ಇರಲಿ, ಬಡವನಿಗೆ ಅಷ್ಟಾದರೂ ಬೇಡವೇ?

ಅವನ ಮನೆ ರೈಲ್ವೆ ಸ್ಟೇಷನ್ನಿನ ಕಡೆಯ ಓಣಿಯಲ್ಲಿತ್ತು. ಆ ಓಣಿಯ ಅರ್ಧ ಮನೆಗಳಿಗೆ ಗೋಡೆ ಇತ್ತು, ಕಾಗದಪತ್ರ ಇರಲಿಲ್ಲ. ಕಾಗದವಿಲ್ಲದ ಮನೆಗೆ ಮೀಟರು ಸಿಗುವುದಿಲ್ಲ. ಹಾಗಾಗಿ ಮೀಟರು ಇದ್ದವರ ಮನೆಯಿಂದ ವೈರು ಎಳೆದುಕೊಂಡು, ಬಲ್ಬಿಗೆ ಇಷ್ಟೆಂದು ತಿಂಗಳಿಗೆ ಕೊಟ್ಟು ಬದುಕುವುದು ಅಲ್ಲಿನ ರೂಢಿ. ಕಾನೂನು ಒಪ್ಪದಿದ್ದರೂ ಓಣಿ ಒಪ್ಪಿತ್ತು. ಇನ್ನೊಂದು ಪದ್ಧತಿಯೂ ಇತ್ತು: ಮೀಟರು ಯಾರ ಮನೆಯಲ್ಲಿದೆಯೋ ಸ್ವಿಚ್ಚೂ ಅವರ ಮನೆಯಲ್ಲೇ. ಹಗಲೆಲ್ಲ ಬಲ್ಬು ಉರಿಸಿ ಕೊಟ್ಟವನ ಮನೆ ಮುಳುಗಿಸಬಾರದಲ್ಲ.

ಪಾತಣ್ಣನ ಮನೆಗೆ ಕರೆಂಟು ಬರುತ್ತಿದ್ದದ್ದು ಗೋಡೆಯಾಚೆಯ ಖಾತೂನ್ ಬೀ ಮನೆಯಿಂದ. ಅವಳ ಗಂಡ ಮಹಮ್ಮದ್ ಹುಸೇನ್ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಪಾತಣ್ಣನ ಮಗಳು ಸುನಿತಾ ಅಂಬೆಗಾಲಿಡುವ ಕಾಲದಲ್ಲಿ ತಾನೇ ಏಣಿ ಹತ್ತಿ ವೈರು ಎಳೆದುಕೊಟ್ಟಿದ್ದ. ಸ್ವಿಚ್ಚು ಅವರ ಪಡಸಾಲೆಯ ಗೋಡೆಯಲ್ಲಿತ್ತು. ಹೊತ್ತು ಮುಳುಗುತ್ತಿದ್ದಂತೆ ಖಾತೂನ್ ಬೀ ಕೈಕಾಲು ತೊಳೆದು, ನಮಾಜಿಗೆ ಕೂರುವ ಮುಂಚೆ ಆ ಸ್ವಿಚ್ಚು ಒತ್ತುವಳು. ಇತ್ತ ಪಾತಣ್ಣನ ಮನೆಯಲ್ಲಿ ದೇವರ ಗೂಡಿನ ಮೇಲಿನ ಬಲ್ಬು ಹತ್ತಿಕೊಳ್ಳುವುದು. ಹತ್ತಿದ ಕೂಡಲೇ ಮನೆಯವರೆಲ್ಲ ಕೈ ಮುಗಿಯುವರು. "ಖಾತೂನಕ್ಕ ದೀಪ ಹಚ್ಚಿದ್ಲು, ಏಳು, ಮುಖ ತೊಳಿ" ಎಂದು ಪಾತಣ್ಣನ ಹೆಂಡತಿ ದುರುಗಕ್ಕ ಮಗಳನ್ನು ಎಬ್ಬಿಸುವಳು. ಹದಿನೈದು ವರ್ಷಕ್ಕೂ ಮಿಕ್ಕಿ ಆ ಮನೆಯ ಮುಸ್ಸಂಜೆ ಹೀಗೇ ನಡೆದಿತ್ತು. ಇದರಲ್ಲಿ ವಿಶೇಷವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಪಾತಣ್ಣನ ಕುಲದವರ ಕಟ್ಟುಪಾಡು ಮಾತ್ರ ಬಲು ಬಿಗಿ, ಅದು ಆ ಸೀಮೆಗೆಲ್ಲ ಗೊತ್ತು. ಅವರು ಕೋಳಿ ತಿನ್ನುವುದಿಲ್ಲ. ತಿನ್ನುವುದಿರಲಿ, ಕೋಳಿ ಮನೆಯೊಳಗೆ ಕಾಲಿಟ್ಟರೂ ಆಗದು. ಪಾತಣ್ಣನೇನೋ ಪೇಟೆ ಸೇರಿ ಅರ್ಧ ಕಟ್ಟು ಬಿಟ್ಟವನು. ಖಾತೂನ್ ಬೀಯೇ ಅದನ್ನು ಅವನಿಗಿಂತ ಚೆನ್ನಾಗಿ ನಡೆಸಿಕೊಂಡು ಬಂದಿದ್ದಳು. ತನ್ನ ಕೋಳಿಗಳು ಗೋಡೆ ಹಾರದಂತೆ ರೆಕ್ಕೆ ಕತ್ತರಿಸುವಳು, ಕೋಳಿ ಸಾರು ಮಾಡಿದ ದಿನ ದುರುಗಕ್ಕನ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಸುನಿತಾಳ ಬೆನ್ನ ಮೇಲೆ ಹುಟ್ಟಿದ ಗಂಡು ಕೂಸು ಪುರುಡು ಕಳೆಯುವ ಮುಂಚೆಯೇ ಕಣ್ಣು ಮುಚ್ಚಿದಾಗ, ತವರಿನವರು ಬರುವ ತನಕ ದುರುಗಕ್ಕನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳೂ ಇವಳೇ. ಅಂಥ ನಂಟು.

ತೊಂಬತ್ತಾರರ ಬೇಸಿಗೆಯಲ್ಲಿ ಓಣಿಯ ತುದಿಗೆ ರಾಜಣ್ಣ ಹಿಟ್ಟಿನ ಗಿರಣಿ ಹಾಕಿದ. ಗಿರಣಿ ಓಡುವುದಕ್ಕಿಂತ ಅವನ ಬಾಯಿ ಹೆಚ್ಚು ಓಡುತ್ತಿತ್ತು. ಒಂದು ದಿನ ರಾಗಿ ಬೀಸಿಸಲು ಹೋದ ಪಾತಣ್ಣನನ್ನು ಹಿಡಿದು ನಿಲ್ಲಿಸಿದ.

"ಪಾತಣ್ಣೋ, ಆ ಸಾಬ್ರ ಮನೆಗೆ ಬಲ್ಬಿಗೆ ಎಷ್ಟು ಕೊಡ್ತೀಯ? ನಾನು ಅದ್ರಾಗೆ ಅರ್ಧಕ್ಕೇ ಕೊಡ್ತೀನಿ. ಸ್ವಿಚ್ಚೂ ನಿಮ್ಮನೇಲೇ ಇರ್ಲಿ. ನಿನ್ ಮನೆ ದೀಪಕ್ಕೆ ಇನ್ನೊಬ್ರ ಗೋಡೆ ನೋಡ್ಕಂಡು ಕೂರೋದ್ಯಾಕೆ?"

ಪಾತಣ್ಣನಿಗೆ ಲೆಕ್ಕ ಹೊಳೆಯಲು ಹೊತ್ತು ಬೇಕೆ? ಈಗ ಕೊಡುವ ದುಡ್ಡಿನಲ್ಲೇ ಒಳಕೋಣೆಗೊಂದು ಬಲ್ಬು ಬರುತ್ತದೆ. ಮುಂದೆ ಒಂದು ಫ್ಯಾನು ತಂದರೂ ನಡೆದೀತು. ಹತ್ತನೆಯ ಕ್ಲಾಸಿಗೆ ಬಂದಿದ್ದ ಸುನಿತಾ ಓದುವುದಕ್ಕೆ ಜಾಗವಿಲ್ಲವೆಂದು ಗೊಣಗುತ್ತಲೇ ಇದ್ದಳು. ದುರುಗಕ್ಕನಿಗೆ ಹೇಳಿದಾಗ ಅವಳು ಎರಡನೆಯ ಮಾತಾಡಲಿಲ್ಲ.

"ತಗಾ ಮತ್ತೆ. ಖಾತೂನಕ್ಕಂಗೆ ಹೋಗಿ ಹೇಳ್ಬಿಡು, ಹಿಂಗಿಂಗೆ, ದುಡ್ಡು ಉಳಿತೈತೆ ಅಂತ. ಅವ್ಳೇನು ಬ್ಯಾಸರ ಮಾಡ್ಕಳಲ್ಲ."

ಹೇಳುವುದು ಅಷ್ಟು ಸುಲಭವಾಗಿದ್ದರೆ ಪಾತಣ್ಣ ಅಂದೇ ಹೇಳಿ ಬರುತ್ತಿದ್ದ. ಒಂದು ವಾರ ಹಿಂದೆಮುಂದೆ ನೋಡಿದ. ಇಷ್ಟು ವರ್ಷ ಒಂದು ಸಲವೂ ಬಲ್ಬಿನ ದುಡ್ಡು ಏರಿಸದ ಹೆಂಗಸಿಗೆ, ನಿನ್ನ ಕರೆಂಟು ದುಬಾರಿಯಾಯಿತು ಎಂದು ಯಾವ ಬಾಯಲ್ಲಿ ಹೇಳುವುದು? 'ತಕ್ಕಡಿಯವನು ನಂಟನ್ನೂ ತೂಗಿ ನೋಡಿದ' ಎಂದು ಓಣಿ ಆಡಿಕೊಂಡರೆ? ಮೂರು ಕಾಸಿಗೆ ಮುಖ ತಿರುಗಿಸಿದ ಎನ್ನಿಸಿಕೊಳ್ಳುವುದು ಆ ಎದೆ ಮುಂದೆ ಮಾಡಿ ನಡೆಯುವ ಮನುಷ್ಯನಿಗೆ ಸಾಯುವಷ್ಟು ಕಷ್ಟವಾಗಿತ್ತು. ಆದರೂ ಆ ಮೂರು ಕಾಸು ಬೇಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕೊನೆಗೊಂದು ಮಧ್ಯಾಹ್ನ ಹೋದ. ಖಾತೂನ್ ಬೀ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

"ಬಾರಣ್ಣ, ಕೂತ್ಕ. ಚಾ ಇಡ್ತೀನಿ."

"ಚಾ ಬ್ಯಾಡಕ್ಕ. ಒಂದು ಮಾತು ಹೇಳೋದಿತ್ತು. ಕರೆಂಟಿಂದು..." ಎಂದು ಪಾತಣ್ಣ ಶುರು ಮಾಡಿದ. ಅವಳು ಮೊರ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು. ಆಗ ಅವನ ಬಾಯಿಂದ ಬಂದ ಮಾತು ಮನೆಯಿಂದ ಹೊರಡುವಾಗ ಅವನ ಮನಸ್ಸಿನಲ್ಲಿರಲಿಲ್ಲ. ಆ ಮಾತು ಎಲ್ಲಿಂದ ಬಂತು ಎಂದು ಅವನು ಆಮೇಲೆ ಬಹಳ ಸಲ ಕೇಳಿಕೊಂಡ.

"ಹಟ್ಟಿಗೆ ಹೋಗಿದ್ದೆ. ನಮ್ ಪೂಜಾರಪ್ಪ ಬೈದ. ದೇವ್ರ ಮುಂದಿನ ದೀಪ ಬ್ಯಾರೆಯೋರ ಕೈಲಿ ಹತ್ತಬಾರ್ದಂತೆ. ನಮ್ ಕಟ್ಟು ಹಂಗೈತಂತೆ. ಅದಕ್ಕೇ... ರಾಜಣ್ಣನ ಕಡೆಯಿಂದ ಲೈನ್ ತಗಳಾನ ಅಂತ."

ತನ್ನ ಕುಲದವರ ಹಟ್ಟಿಗೆ ಅವನು ಹೋಗಿ ವರ್ಷವಾಗಿತ್ತು. ಅಲ್ಲಿನ ಗುಡಿಯ ಪೂಜಾರಪ್ಪನಿಗೆ ಇವನ ಮನೆಯಲ್ಲಿ ಬಲ್ಬು ಇದೆಯೋ ಬುಡ್ಡಿಯೋ ಅದೇ ಗೊತ್ತಿರಲಿಲ್ಲ. ಜಿಪುಣ ಎನ್ನಿಸಿಕೊಳ್ಳಲು ನಾಚಿದವನು ದೇವರ ಬೆನ್ನ ಹಿಂದೆ ಅವಿತುಕೊಂಡ.

ಖಾತೂನ್ ಬೀಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಸೆರಗಿಗೆ ಒರೆಸಿಕೊಂಡಳು.

"ಯಾ ಅಲ್ಲಾ... ನಂಗೆ ಗೊತ್ತಿರ್ಲಿಲ್ಲಣ್ಣ. ಕೋಳಿದು ಗೊತ್ತಿತ್ತು. ದೀಪದ್ದು ಯಾರೂ ಹೇಳ್ಲಿಲ್ಲ. ಇಷ್ಟು ವರ್ಷ ನಾನೇ ಹಚ್ಚಿದ್ನಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಪಾತಣ್ಣ, ನಿಜ ಹೇಳು. ಆ ಕೂಸು ಹೋಗಿದ್ದು ಅದಕ್ಕೇನಾ?"

ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಅಲ್ಲ ಎಂದರೆ, ಹಾಗಿದ್ದರೆ ಇಷ್ಟು ವರ್ಷ ಸುಮ್ಮನಿದ್ದ ದೇವರು ಈಗ ಯಾಕೆ ಎದ್ದ ಎಂದು ಕೇಳಿಯಾಳು ಎಂಬ ಭಯ ಅವನಿಗೆ. ಪಾತಣ್ಣ ನೆಲ ನೋಡಿದ.

"ಯಾರಿಗ್ಗೊತ್ತು ಬಿಡಕ್ಕ. ದೇವ್ರಿಗೇ ಗೊತ್ತು."

ಇಷ್ಟು ಹೇಳಿ ಅವನು ಎದ್ದು ಬಂದ. ಆ ತಿಂಗಳ ಬಲ್ಬಿನ ದುಡ್ಡು ಕೊಡಹೋದರೆ ಅವಳು ಮುಟ್ಟಲಿಲ್ಲ, ದೇವರಿಗೆ ಹಾಕು ಎಂದಳು. ಸಂಜೆ ಹುಸೇನ್ ವೈರು ಬಿಚ್ಚಿ, ಸುತ್ತಿ, ತಮ್ಮ ಕಡೆಯ ಗೋಡೆಯ ಮೊಳೆಗೆ ನೇತುಹಾಕಿದ. ಮಾರನೆಯ ದಿನ ರಾಜಣ್ಣನ ಲೈನು ಬಂತು. ಒಳಕೋಣೆಯಲ್ಲಿ ಹೊಸ ಬಲ್ಬು ಹತ್ತಿದಾಗ ಸುನಿತಾ ಚಪ್ಪಾಳೆ ತಟ್ಟಿದಳು. ಪಾತಣ್ಣ ಊಟ ಬೇಡವೆಂದು ಹೊರಗೆ ಹೋಗಿ ಕೂತ.

ಪಾತಣ್ಣನ ಮಾತನ್ನು ಚಳ್ಳಕೆರೆಯಲ್ಲಿ ಯಾರೂ ಎರಡು ಸಲ ಕೇಳಿದವರಲ್ಲ. ಖಾತೂನ್ ಬೀ ಒಂದು ಸಲ ಕೇಳಿ ಅದನ್ನು ಕಟ್ಟಿನಂತೆ ನಡೆಸಿದಳು. ದುರುಗಕ್ಕನ ಮನೆಗೆ ಬರುವುದು ಬಿಟ್ಟಳು. ಬೀದಿಯಲ್ಲಿ ಎದುರಾದರೆ ಸರಿದು ನಿಂತು ದಾರಿ ಬಿಡುವಳು. ಹೊಲಿಗೆ ಕಲಿಯಲು ಬರುತ್ತಿದ್ದ ಸುನಿತಾಳನ್ನು ಜಗಲಿಯ ಮೇಲೇ ಕೂರಿಸುವಳು. ಹುಡುಗಿಯ ತಲೆ ಬಾಚಲು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಪಾತಣ್ಣ ಗೋಡೆಯ ಮೇಲಿಂದ ಕಣ್ಣಾರೆ ಕಂಡ. ರಂಜಾನ್ ಹಬ್ಬಕ್ಕೆ ತಪ್ಪದೆ ಬರುತ್ತಿದ್ದ ಶಾವಿಗೆ ಪಾಯಸ ಆ ವರ್ಷ ಬರಲಿಲ್ಲ.

ದುರುಗಕ್ಕನಿಗೆ ಒಳಗಿನದು ಗೊತ್ತಿಲ್ಲವಲ್ಲ, ಅವಳು ತನ್ನದೇ ಅರ್ಥ ಮಾಡಿಕೊಂಡಳು.

"ನೋಡ್ದಾ? ನಾಕು ಕಾಸು ಹೋಯ್ತು ಅಂತ ಮುಖ ಮುರಿದ್ಲು. ನಾನು ಅಕ್ಕ ಅಕ್ಕ ಅಂತ ಬಾಯಿ ಬಡ್ಕಂಡಿದ್ದೇ ಬಂತು. ದುಡ್ಡಿಗೇ ನಂಟು ಬಿಡು."

ದುಡ್ಡಿಗಾಗಿ ನಂಟು ಬಿಟ್ಟವನು ಅವಳ ಮುಂದೆಯೇ ಕೂತು ಮುದ್ದೆ ಮುರಿಯುತ್ತಿದ್ದ. ಗೋಡೆಯ ಆಚೆ ಒಬ್ಬಳು ಇವರಿಗೆ ಕೇಡಾಗದಿರಲೆಂದು ದೂರ ನಿಂತಿದ್ದಾಳೆ, ಈಚೆ ಒಬ್ಬಳು ಅವಳನ್ನು ಕಾಸಿನವಳೆಂದು ಬೈಯುತ್ತಿದ್ದಾಳೆ. ನಡುವೆ ಒಂದೇ ಮಾತಿನ ಅಡ್ಡ. ಆ ಮಾತು ತೆಗೆಯಬೇಕಾದವನು ದಿನಕ್ಕೊಂದು ನೆವ ಹುಡುಕುತ್ತಿದ್ದ: ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ. ಮಂಡಿಯಲ್ಲಿ ಯಾರಾದರೂ "ಪಾತಣ್ಣ ಹೇಳಿದ ಮ್ಯಾಲೆ ಮುಗೀತು ಬಿಡು" ಎಂದರೆ ಬೆನ್ನಿಗೆ ಹೊಡೆದಂತಾಗುತ್ತಿತ್ತು. ಎದೆ ಮುಂದೆ ಮಾಡಿ ನಡೆಯುವುದು ಯಾವಾಗ ಬಿಟ್ಟುಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

ಎರಡು ವರ್ಷ ಕಳೆದ ಮೇಲೆ ಸುನಿತಾಳಿಗೆ ಕೊಂಡ್ಲಹಳ್ಳಿಯ ಸಂಬಂಧ ಕೂಡಿಬಂತು. ಅವರೂ ಇವರ ಕುಲದವರೇ, ಆದರೆ ಕಟ್ಟು ಒಂದಿಷ್ಟೂ ಬಿಡದವರು. ಹುಡುಗನ ದೊಡ್ಡಪ್ಪ ದೊಡ್ಡೀರಪ್ಪ ಎಂಬ ಹಿರಿಯನ ಮಾತೇ ಆ ಮನೆಗೆ ಕೊನೆಯ ಮಾತು. ಹುಡುಗಿಗೆ ಹೂ ಮುಡಿಸುವ ಶಾಸ್ತ್ರಕ್ಕೆ ಬುಧವಾರ ಸಂಜೆ ಗೊತ್ತಾಯಿತು. ಬೀಗರು ಬಂದು ಚಾಪೆಯ ಮೇಲೆ ಕೂತರು, ಹೂವು ಹಣ್ಣು ತಟ್ಟೆಗೆ ಬಂತು, ಹೊತ್ತೂ ಮುಳುಗಿತು. ದುರುಗಕ್ಕ ಸ್ವಿಚ್ಚು ಒತ್ತಿದರೆ ಬಲ್ಬು ಹತ್ತಲಿಲ್ಲ.

ಓಣಿಯಲ್ಲೆಲ್ಲ ಬೆಳಕಿತ್ತು. ವಿಚಾರಿಸಿದರೆ, ರಾಜಣ್ಣನ ಮಾವ ತೀರಿಕೊಂಡರಂತೆ. ಅವನು ಮಧ್ಯಾಹ್ನವೇ ಗಿರಣಿಯ ಮೇನ್ ಸ್ವಿಚ್ಚು ಇಳಿಸಿ, ಬೀಗ ಹಾಕಿಕೊಂಡು ಮೊಳಕಾಲ್ಮುರಿಗೆ ಹೋಗಿದ್ದ. ಸಾವಿನ ಅವಸರದಲ್ಲಿ ಇನ್ನೊಬ್ಬರ ಮನೆಯ ಬಲ್ಬು ಯಾರಿಗೆ ನೆನಪಿರುತ್ತದೆ? ಹೂ ಮುಡಿಸುವ ಹೊತ್ತಿಗೆ ಮನೆ ಕತ್ತಲಾಯಿತಲ್ಲ ಎಂದು ಬೀಗರ ಹೆಂಗಸರು ಮುಖ ಮುಖ ನೋಡಿಕೊಂಡರು.

"ಹೋಗು, ಖಾತೂನಕ್ಕನ್ನ ಕೇಳು" ಎಂದಳು ದುರುಗಕ್ಕ.

ಪಾತಣ್ಣ ಕದಲಲಿಲ್ಲ. ಅವಳೇ ಗೋಡೆಯ ಹತ್ತಿರ ಓಡಿ ಕೂಗಿದಳು: "ಖಾತೂನಕ್ಕಾ, ಸಿಟ್ಟಿದ್ರೆ ಆಮ್ಯಾಲೆ ಬಯ್ಯಿ. ಸುನಿತಂಗೆ ಹೂ ಮುಡ್ಸೋ ಹೊತ್ತು, ಒಂದು ಲೈನ್ ಕೊಡವ್ವಾ."

"ಯಾ ಅಲ್ಲಾ, ಕತ್ಲಾಗೆ ಕೂತಿದೀರಾ?" ಎಂದು ಆಚೆಯಿಂದ ದನಿ ಬಂತು. ಹುಸೇನ್ ಗೋಡೆಯ ಮೊಳೆಯಿಂದ ವೈರಿನ ಸುರುಳಿ ತೆಗೆದು ಒಂದು ತುದಿ ಈಚೆಗೆ ಎಸೆದ, ತಾನೇ ಬಂದು ಜೋಡಿಸಿದ. ಇನ್ನು ಸ್ವಿಚ್ಚು ಒತ್ತುವುದೊಂದೇ ಬಾಕಿ.

ಬಲ್ಬು ಹತ್ತಲಿಲ್ಲ. ಗೋಡೆಯಾಚೆಯಿಂದ ಖಾತೂನ್ ಬೀ ಕರೆದಳು: "ಪಾತಣ್ಣ, ನೀನೇ ಬಂದು ಹಾಕು."

ಅವನು ಹೋದ. ಕತ್ತಲಲ್ಲಿ ಕೂರಲಾರದೆ ಅಂಗಳಕ್ಕೆ ಬಂದಿದ್ದ ದೊಡ್ಡೀರಪ್ಪ ಮತ್ತು ಬೀಗರು ಮೋಟುಗೋಡೆಯ ಈಚೆ ನಿಂತು ನೋಡುತ್ತಿದ್ದರು. ಖಾತೂನ್ ಬೀ ಸ್ವಿಚ್ಚಿನಿಂದ ಮಾರು ದೂರ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

"ಯಾಕಕ್ಕ, ನೀನೇ ಒತ್ತಬಾರ್ದಾ?" ಎಂದು ದುರುಗಕ್ಕ ಈಚೆಯಿಂದಲೇ ಕೇಳಿದಳು.

"ಬ್ಯಾಡವ್ವ. ಒಳ್ಳೆ ಕೆಲ್ಸ ನಡೀತೈತೆ. ನಿಮ್ ದೇವ್ರ ದೀಪ ನನ್ ಕೈಲಿ ಹತ್ತಬಾರ್ದು ಅಂತ ಪೂಜಾರಪ್ಪ ಹೇಳೈತಲ್ಲ. ಪಾತಣ್ಣ ಹೇಳಿದ ದಿನದಿಂದ ನಾನು ಆ ಸ್ವಿಚ್ಚಿನ ಹತ್ರಾನೇ ಹೋಗಿಲ್ಲ."

"ಯಾವ ಪೂಜಾರಪ್ಪ?" ಎಂದು ದುರುಗಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡೀರಪ್ಪ ಗಟ್ಟಿ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಭಲೆ! ಪ್ಯಾಟೆ ಸೇರಿದ್ರೂ ಕಟ್ಟು ಬಿಟ್ಟಿಲ್ಲ ನೋಡ್ರಲೇ. ನೆರೆಮನೆಯೋರೂ ಅದನ್ನ ನಡೆಸ್ತಾರೆ ಅಂದ್ರೆ ಆ ಮನುಷ್ಯನ ಮಾತಿಗೆ ಎಷ್ಟು ತೂಕ ಇರ್ಬೇಕು! ಇಂಥ ಮನೆ ಹೆಣ್ಣೇ ಬೇಕಾಗಿತ್ತು ನಮ್ಗೆ."

ದುರುಗಕ್ಕ ತೆರೆದ ಬಾಯಿ ಮುಚ್ಚಿದಳು. ಮಗಳ ಶಾಸ್ತ್ರ, ಬೀಗರ ಮುಂದೆ ಏನು ಹೇಳಿಯಾಳು? ಪಾತಣ್ಣನ ಕೈ ಸ್ವಿಚ್ಚಿನ ಮೇಲಿತ್ತು. ಈಗ ಹೇಳಬಹುದಾಗಿತ್ತು. ಹೇಳಿದರೆ ಸಂಬಂಧ ಮುರಿದೀತು, ಮಾನ ಹೋದೀತು ಎಂಬ ಲೆಕ್ಕ ಅಷ್ಟು ಹೊತ್ತಿನಲ್ಲೂ ತಲೆಯಲ್ಲಿ ಓಡಿತು. ಅವನು ಒತ್ತಿದ. ಗೋಡೆಯಾಚೆ ಬೆಳಕಾಯಿತು, ಬೀಗರೆಲ್ಲ ಕೈ ಮುಗಿದರು. ಖಾತೂನ್ ಬೀಯೂ ಸೆರಗಿನೊಳಗಿಂದ ಕೈ ತೆಗೆದು ದೂರದಿಂದಲೇ ಮುಗಿದಳು. ಪಾತಣ್ಣನಿಗೆ ಎಲ್ಲಾದರೂ ಓಡಿಹೋಗಬೇಕು ಎನ್ನಿಸಿತು. ತನ್ನ ಸುಳ್ಳಿಗೆ ಊರು ಶಾಲು ಹೊದಿಸುತ್ತಿದೆ, ತಾನು ಹೊದ್ದುಕೊಂಡು ನಿಂತಿದ್ದೇನೆ ಎಂಬ ನಾಚಿಕೆಯಲ್ಲಿ ಅವನ ಕಿವಿಗಳು ಸುಡುತ್ತಿದ್ದವು.

ಬೀಗರು ಬೆಳಿಗ್ಗೆಯ ಬಸ್ಸಿಗೆ ಹೋದ ಮೇಲೆ ದುರುಗಕ್ಕ ಚಾಪೆ ಸುತ್ತುವುದನ್ನು ಬಿಟ್ಟು ಎದುರು ಕೂತಳು. "ಏನದು ಪೂಜಾರಪ್ಪಂದು?" ಎಂದಳು. ಪಾತಣ್ಣ ಹೇಳಿದ. ಅರ್ಧ ದುಡ್ಡಿನ ಆಸೆಯನ್ನು ಹೇಳಿದ, ಜಿಪುಣ ಎನ್ನಿಸಿಕೊಳ್ಳುವ ಹೆದರಿಕೆಯನ್ನು ಹೇಳಿದ. ಕೂಸಿನ ಮಾತನ್ನು ಮಾತ್ರ ಹೇಳಲಿಲ್ಲ, ಅದಕ್ಕೆ ನಾಲಿಗೆ ಏಳಲಿಲ್ಲ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಾನು ಎರಡು ವರ್ಷ ಅವಳ್ನ ಕಾಸಿನೋಳು ಅಂತ ಬೈದ್ನಲ್ಲ! ಏಳು, ಬಾ. ಈಗ್ಲೇ ಹೇಳು" ಎಂದು ಅವನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು.

ಖಾತೂನ್ ಬೀ ಎಲ್ಲಿಗೋ ಹೊರಟು ನಿಂತಿದ್ದಳು, ಕೈಯಲ್ಲೊಂದು ಎಣ್ಣೆ ಸೀಸೆ. ಪಾತಣ್ಣ ಕಂಬ ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿದ: ಪೂಜಾರಪ್ಪ ಏನೂ ಹೇಳಿಲ್ಲ, ನಮ್ಮ ಕಟ್ಟಿನಲ್ಲಿ ದೀಪದ ಮಾತೇ ಇಲ್ಲ, ದುಡ್ಡು ಉಳಿಸಲು ಸುಳ್ಳು ಹೇಳಿದೆ, ತಪ್ಪಾಯಿತು.

ಅವಳು ಪೂರ್ತಿ ಕೇಳಿದಳು. ಆಮೇಲೆ ನಕ್ಕಳು. ನಗುವಾಗ ಕಣ್ಣು ತುಂಬಿತ್ತು.

"ನಿನ್ನೆ ನಾನು ಅಷ್ಟು ದೂರ ನಿಂತಿದ್ದು ನೋಡಿ ನಿಂಗೆ ಸಂಕಟ ಆಗೈತೆ. ಅದಕ್ಕೆ ನನ್ ಸಮಾಧಾನಕ್ಕೆ ಹಿಂಗೆ ಹೇಳ್ತಿದೀಯ. ತೂಕದ ಪಾತಣ್ಣ ಕಾಸಿಗೆ ದೇವ್ರ ಮ್ಯಾಲೆ ಸುಳ್ಳು ಹೇಳ್ತಾನಾ? ಯಾರ್ ನಂಬ್ತಾರಣ್ಣ?"

"ನಿಜ ಕಣಕ್ಕ! ದುಡ್ಡಿಗೇ!" ಎಂದಳು ದುರುಗಕ್ಕ.

"ನೀನೂ ಗಂಡನ ಜೊತೆ ಸೇರಿದ್ಯಾ? ಇರ್ಲಿ ಬಿಡವ್ವ. ನನಗೋಸ್ಕರ ಸುಳ್ಳು ಹೇಳಾಕೆ ಬಂದ್ರಲ್ಲ, ಅಷ್ಟೇ ಸಾಕು." ಅವಳು ಸೀಸೆಯನ್ನು ತೋರಿಸಿದಳು. "ಇವತ್ತು ಬೇಸ್ತವಾರ, ದರ್ಗಾಕ್ಕೆ ಎಣ್ಣೆ ತಗಂಡೋಗ್ಬೇಕು. ನಿನ್ ಕೂಸಿನ ಹೆಸ್ರಲ್ಲಿ ಎರಡು ವರ್ಷದಿಂದ ಕೊಡ್ತಿದೀನಿ. ನನ್ ಕೈ ದೀಪಕ್ಕೆ ಅದು ಹೋಯ್ತಲ್ಲ, ಅದಕ್ಕೆ."

"ಯಾವ ಕೂಸು?" ದುರುಗಕ್ಕನ ದನಿ ಬದಲಾಯಿತು. "ಯಾರು ಹೇಳಿದ್ರು ಹಂಗಂತ?"

"ನಾನೇ ಕೇಳ್ದೆ. ಪಾತಣ್ಣ ಅಲ್ಲ ಅನ್ಲಿಲ್ಲ. ಪಾಪ, ಅವ್ನು ಏನು ಮಾಡ್ತಾನೆ, ನಿಜ ಮುಚ್ಚಿಡಾಕೆ ಬರಲ್ಲ ಅವನಿಗೆ."

ದುರುಗಕ್ಕ ಗಂಡನ ಕಡೆ ತಿರುಗಿದಳು. ಪಾತಣ್ಣ ಕಂಬವನ್ನು ಬಿಟ್ಟಿರಲಿಲ್ಲ, ತಲೆಯನ್ನೂ ಎತ್ತಿರಲಿಲ್ಲ. ಅಷ್ಟು ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು.

"ಅಕ್ಕಾ, ಇವ್ನು ಸುಳ್ಳ. ಇವನಂಥ ಕೆಟ್..." ಎನ್ನುವಷ್ಟರಲ್ಲಿ ಖಾತೂನ್ ಬೀ ಮುಂದೆ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ತೋಬಾ ತೋಬಾ! ಅಂಥ ಮನುಷ್ಯನ್ನ ಹಂಗನ್ಬಾರ್ದವ್ವ."

ಎರಡು ವರ್ಷದಲ್ಲಿ ಅವಳು ದುರುಗಕ್ಕನನ್ನು ಮುಟ್ಟಿದ್ದು ಅದೇ ಮೊದಲು. ಮುಟ್ಟಿದ್ದು ಪಾತಣ್ಣನ ಮಾನ ಕಾಯಲು. ಅವನು ಕೈ ನೀಡಿ ಆ ಕೈಯನ್ನು ತೆಗೆಯಲಾರದೆ, ಕಂಬ ಹಿಡಿದುಕೊಂಡು ಅಲ್ಲೇ ನಿಂತಿದ್ದ.